ಫ್ರಾನ್ಸಿನ ಕಾಲುವೆಯಲ್ಲಿ ಬೇಸಿಗೆ: ಕಿಲೋಮೀಟರ್ ಬಿಡಿ, ಲಾಕ್ ಎಣಿಸಿ

ಪ್ರಶ್ನೆ: ನಾವು ಮೈಸೂರಿನವರು. ನನಗೆ 63, ನನ್ನ ಹೆಂಡತಿಗೆ 59. ಮಗಳು, ಅಳಿಯ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಅವರ ಹತ್ತಿರ ಹೋದಾಗ ಫ್ರಾನ್ಸಿನ ಕಾಲುವೆಗಳಲ್ಲಿ ಬೋಟ್ ಬಾಡಿಗೆಗೆ ಹಿಡಿದು ನಿಧಾನವಾಗಿ ಸುತ್ತಬೇಕು ಅಂತ ಆಸೆ. ಬೋಟ್ ನಡೆಸಿ ಗೊತ್ತಿಲ್ಲ. ಲೈಸೆನ್ಸ್ ಬೇಕಾ? ಬರ್ಗಂಡಿ ಕಾಲುವೆಯನ್ನು ಎರಡು ವಾರದಲ್ಲಿ ಪೂರ್ತಿ ಮುಗಿಸಬಹುದಾ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು? ಇಡೀ ಬೇಸಿಗೆ ಬೋಟಿನಲ್ಲೇ ಕಳೆಯಬಹುದಾ?

ಉತ್ತರ: ಧಾರಾಳವಾಗಿ ಹೋಗಿ. ಲೈಸೆನ್ಸ್ ಬೇಡ, ಅನುಭವವೂ ಬೇಡ. ಫ್ರಾನ್ಸಿನಲ್ಲಿ 15 ಮೀಟರ್ ಉದ್ದದವರೆಗಿನ ಬಾಡಿಗೆ ಬೋಟುಗಳಿಗೆ ಈ ಅನುಕೂಲ ಇದೆ. ಬೋಟ್ ಕೊಡುವ ಕಂಪನಿಯವರೇ ಮೊದಲ ದಿನ ನಿಮ್ಮನ್ನು ಹತ್ತಿಸಿಕೊಂಡು ಚುಕ್ಕಾಣಿ, ಗೇರು, ಹಗ್ಗ ಎಲ್ಲ ತೋರಿಸಿಕೊಡುತ್ತಾರೆ. ಆ ಪ್ರವಾಸಕ್ಕೆ ಮಾತ್ರ ನಡೆಯುವ ಒಂದು ತಾತ್ಕಾಲಿಕ ಕಾರ್ಡ್ ಬರೆದುಕೊಡುತ್ತಾರೆ. ಆ ಪಾಠದ ಹೊತ್ತಿನಲ್ಲಿ ಸಂಕೋಚ ಬೇಡ. ದಡಕ್ಕೆ ಹಚ್ಚುವುದು, ಹಿಂದಕ್ಕೆ ತೆಗೆಯುವುದು, ಇವೆರಡನ್ನೂ ನಿಮ್ಮ ಕೈಯಾರೆ ಮಾಡಿ ನೋಡುವ ತನಕ ಅವರನ್ನು ಬಿಡಬೇಡಿ. ನಿಮ್ಮ ಮನೆಯವರೂ ಮಾಡಿ ನೋಡಲಿ. ಒಬ್ಬರಿಗೇ ಬಂದರೆ ಸಾಲದು.

ಆದರೆ ಬರ್ಗಂಡಿ ಕಾಲುವೆಯ ಯೋಜನೆ ಬಿಡಿ. ಆ ಕಾಲುವೆ ಚೆನ್ನಾಗಿಲ್ಲ ಅಂತಲ್ಲ, ಬಹಳ ಚೆನ್ನಾಗಿದೆ. ನೀವು ನೋಡಿರುವುದು ಅದರ ಉದ್ದವನ್ನು ಮಾತ್ರ. 242 ಕಿಲೋಮೀಟರ್, ಎರಡು ವಾರಕ್ಕೆ ಆರಾಮ ಅನ್ನಿಸುತ್ತದೆ, ಅಲ್ವಾ? ಆ ದಾರಿಯಲ್ಲಿ 189 ಲಾಕ್‌ಗಳಿವೆ, ಅಂದರೆ ಬೋಟನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲಿನ ತೊಟ್ಟಿಗಳು. ಒಂದು ಲಾಕ್ ದಾಟಲು ಸರಾಸರಿ ಕಾಲು ಗಂಟೆ ಇಟ್ಟುಕೊಳ್ಳಿ. ಲಾಕ್‌ಗಳಿಗೇ 47 ಗಂಟೆ ಆಯಿತು. ಗಂಟೆಗೆ 6 ಕಿಲೋಮೀಟರಿನಂತೆ ದಾರಿ ಸವೆಸಲು ಇನ್ನೊಂದು 40 ಗಂಟೆ. 14 ದಿನಕ್ಕೆ ಹಂಚಿದರೆ ದಿನಕ್ಕೆ ಆರು ಗಂಟೆಗೂ ಜಾಸ್ತಿ ದುಡಿಮೆ. ಲಾಕ್‌ಗಳು ಬೆಳಗ್ಗೆ 9ಕ್ಕೆ ತೆರೆಯುತ್ತವೆ, ಊಟದ ಹೊತ್ತಿಗೆ ಬಹಳ ಕಡೆ ಒಂದು ಗಂಟೆ ಮುಚ್ಚುತ್ತವೆ, ಸಂಜೆ ಮತ್ತೆ ಬಾಗಿಲು. ಬಾಡಿಗೆ ಬೋಟ್ ಕತ್ತಲಾದ ಮೇಲೆ ಓಡಿಸುವಂತಿಲ್ಲ. ಅಂದರೆ ಇಡೀ ಹಗಲು ಹಗ್ಗ ಎಳೆಯುವುದರಲ್ಲೇ ಹೋಗುತ್ತದೆ. ಇಬ್ಬರೇ ಇರುವವರಿಗೆ, ಅದೂ ಮೊದಲ ಸಲಕ್ಕೆ, ಇದು ರಜೆ ಅಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಕಾಲುವೆ ಆರಿಸುವಾಗ ಲಾಕ್ ಎಣಿಸಿ. ನಿಧಾನ ಬೇಕು ಅನ್ನುವವರಿಗೆ ಇದೊಂದೇ ಅಳತೆ. ದಿನಕ್ಕೆ ಒಟ್ಟು ನಾಲ್ಕು ಗಂಟೆ ಮೀರದ ಹಾಗೆ ಲೆಕ್ಕ ಹಾಕಿ, ಉಳಿದ ಹೊತ್ತನ್ನು ದಂಡೆಗೆ ಬಿಡಿ.

ಈ ಅಳತೆಗೆ ಸರಿಯಾಗಿ ಕೂರುವ ಜಾಗ ದಕ್ಷಿಣದಲ್ಲಿದೆ. ಕನಾಲ್ ದ್ಯು ಮಿದಿ, ಟುಲೂಸ್ ಊರಿನಿಂದ ಮೆಡಿಟರೇನಿಯನ್ ಅಂಚಿನ ತೋ ಸರೋವರದವರೆಗೆ 240 ಕಿಲೋಮೀಟರ್. 1996ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಇಡೀ ಕಾಲುವೆಯಲ್ಲಿ ಲಾಕ್ ಇರುವ ಜಾಗ ಅರುವತ್ತು ಚಿಲ್ಲರೆ. ಅದಕ್ಕಿಂತ ಮುಖ್ಯ, ಆರ್ಜಾನ್ಸ್ ಎಂಬ ಹಳ್ಳಿಯಿಂದ ಬೆಜಿಯೇ ಊರಿನ ಅಂಚಿನವರೆಗೆ ಸುಮಾರು 54 ಕಿಲೋಮೀಟರ್ ಒಂದೂ ಲಾಕ್ ಇಲ್ಲ. ಗುಡ್ಡದ ಬದಿಯಲ್ಲಿ ಒಂದೇ ಮಟ್ಟ ಹಿಡಿದು, ಹಾವಿನಂತೆ ಬಳುಕುತ್ತಾ ಹೋಗುತ್ತದೆ. ಎರಡೂ ಕಡೆ ದ್ರಾಕ್ಷಿ ತೋಟ. ಹೊಸಬರು ಕೈ ಕುದುರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸುತ್ತಮುತ್ತಲ ಊರುಗಳಲ್ಲೇ ಬೋಟ್ ಬಾಡಿಗೆಗೆ ಕೊಡುವ ಕಂಪನಿಗಳ ಕೇಂದ್ರಗಳಿವೆ. ಒಂದು ವಾರ ಹಿಡಿಯಿರಿ, ಹೋಗಿ ಹೊರಟ ಜಾಗಕ್ಕೇ ಬನ್ನಿ. ದಿನಕ್ಕೆ 15–20 ಕಿಲೋಮೀಟರ್ ಸಾಕು.

ಪಶ್ಚಿಮದ ಕಡೆಯಿಂದ ಹೊರಟರೆ ಪರಾಜಾ ಹಳ್ಳಿ ದಾಟಿದ ಮೇಲೆ ಸಿಗುವುದು ರೆಪ್ಯೂದ್ರ್ ಹೊಳೆಯ ಮೇಲಿನ ಕಲ್ಲಿನ ಸೇತುವೆ. ಅದರ ಮೇಲೆ ರಸ್ತೆ ಇಲ್ಲ, ಕಾಲುವೆಯೇ ಹರಿಯುತ್ತದೆ. 1676ರದ್ದು. ನೀವು ಬೋಟಿನಲ್ಲಿ ಮೇಲೆ, ಹೊಳೆ ಕೆಳಗೆ. ಸುಮ್ನೆ ದಾಟಿಬಿಡಬೇಡಿ, ದಂಡೆಗೆ ಕಟ್ಟಿ ಇಳಿದು ಕೆಳಗಿನಿಂದ ನೋಡಿ. ಆಮೇಲೆ ವಾಂತನಾಕ್, ನಂತರ ಲ ಸೊಮೈ. ಲ ಸೊಮೈ ಪುಟ್ಟ ಹಳ್ಳಿ. ಬಳ್ಳಿ ಹಬ್ಬಿದ ಕಮಾನು ಸೇತುವೆ, ಹಿಂದೆ ಕಾಲುವೆ ಪ್ರಯಾಣಿಕರು ತಂಗುತ್ತಿದ್ದ ಜಾಗ. ಹಳೆ ಪುಸ್ತಕದಂಗಡಿಯೊಂದು ಇಲ್ಲಿ ಹೆಸರುವಾಸಿ. ಇಲ್ಲಿ ಎರಡು ರಾತ್ರಿ ಇದ್ದರೂ ನಷ್ಟವಿಲ್ಲ. ಮುಂದೆ ಕಾಪೆಸ್ತಾಂಗ್. ಅಲ್ಲಿನ ಸೇತುವೆ ಎಷ್ಟು ತಗ್ಗು ಅಂದರೆ ಮೇಲಿನ ಡೆಕ್ಕಿನಲ್ಲಿರುವವರು ಪೂರ್ತಿ ಕೂರಬೇಕು. ಬಿಸಿಲಿಗೆ ಹಾಕಿದ ಕೊಡೆ, ಕುರ್ಚಿ ಎಲ್ಲ ಮೊದಲೇ ಇಳಿಸಿಡಿ.

ಕೊಲೊಂಬಿಯೇ ಊರಿಗೆ ಮುಂಚೆ ಮಾಲ್ಪಾ ಸುರಂಗ ಬರುತ್ತದೆ. 1679ರಲ್ಲಿ ಕೊರೆದದ್ದು, ದೋಣಿ ಸಂಚಾರದ ಕಾಲುವೆಗಾಗಿ ಜಗತ್ತಿನಲ್ಲೇ ಮೊದಲು ತೋಡಿದ ಸುರಂಗ ಎನ್ನುತ್ತಾರೆ. ಉದ್ದ ಸುಮಾರು 165 ಮೀಟರ್ ಅಷ್ಟೇ. ಅದೇ ಗುಡ್ಡದೊಳಗೆ ಇನ್ನೆರಡು ಸುರಂಗಗಳಿವೆ. ಒಂದು 13ನೇ ಶತಮಾನದ್ದು, ಮೊಂತಾದಿ ಎಂಬ ಜೌಗು ಕೆರೆಯ ನೀರನ್ನು ಬಸಿಯಲು ತೋಡಿದ್ದು. ಇನ್ನೊಂದು 19ನೇ ಶತಮಾನದ ರೈಲಿನದು. ಬೋಟ್ ಕಟ್ಟಿ ಗುಡ್ಡ ಹತ್ತಿ. ಮೇಲಿನಿಂದ ಆ ಬತ್ತಿಸಿದ ಕೆರೆ ಪೂರ್ತಿ ಕಾಣುತ್ತದೆ. ಹೊಲಗಳೆಲ್ಲ ನಡುವಿನ ಒಂದು ಬಿಂದುವಿನಿಂದ ಸೂರ್ಯನ ಕಿರಣದ ಹಾಗೆ ಹರಡಿವೆ, ಏಕೆಂದರೆ ಬಸಿಗಾಲುವೆಗಳೆಲ್ಲ ಆ ನಡುವಿಗೇ ಹರಿಯುತ್ತವೆ. ಏಳೆಂಟು ನೂರು ವರ್ಷದಿಂದ ಅಲ್ಲಿ ಬೇಸಾಯ ನಡೆದಿದೆ.

ಕೊನೆಗೆ ಫೋನ್ಸೆರಾನ್. ಬೆಜಿಯೇ ಊರಿನ ಅಂಚಿನಲ್ಲಿ ಮೆಟ್ಟಿಲಿನಂತೆ ಜೋಡಿಸಿದ ಲಾಕ್‌ಗಳ ಸಾಲು. ಇಳಿತ 21 ಮೀಟರಿಗೂ ಜಾಸ್ತಿ. ಹತ್ತುವ ಬೋಟಿಗೆ ಬೇರೆ ಹೊತ್ತು, ಇಳಿಯುವುದಕ್ಕೆ ಬೇರೆ ಹೊತ್ತು. ಅದನ್ನು ದಾಟಲೇಬೇಕು ಅಂತ ಹಟ ಬೇಡ. ಮೇಲೆ ಬೋಟ್ ಕಟ್ಟಿ, ಬೇರೆಯವರು ಇಳಿಯುವುದನ್ನು ನೋಡಿ. ನಡೆದೇ ಊರಿಗೆ ಹೋಗಿ ಬನ್ನಿ.

ಈ ಕಾಲುವೆ ಕಟ್ಟಿಸಿದ ಪಿಯೇರ್-ಪೋಲ್ ರಿಕೆ ಹುಟ್ಟಿದ್ದು ಬೆಜಿಯೇಯಲ್ಲೇ. ಆತ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಕಡಲುಗಳ ನಡುವೆ ಒಳನಾಡಿನಲ್ಲೇ ದಾರಿ ಮಾಡಬೇಕು, ಹಡಗುಗಳು ಸ್ಪೇನ್ ಸುತ್ತಿ ಹೋಗುವುದು ತಪ್ಪಬೇಕು ಎಂಬ ಆಸೆ ಆತನಿಗಿಂತ ಬಹಳ ಹಿಂದಿನದು. ಎಲ್ಲರೂ ಸೋತದ್ದು ಒಂದೇ ಕಡೆ. ಕಾಲುವೆ ನಡುವೆ ದಿಬ್ಬ ಹತ್ತಿ ಇಳಿಯಬೇಕು. ಮೇಲಿನ ಲಾಕ್ ತೆರೆದಾಗಲೆಲ್ಲ ನೀರು ಕೆಳಗೆ ಹೋಗುತ್ತದೆ. ನೆತ್ತಿಗೆ ನೀರು ಎಲ್ಲಿಂದ ತರುವುದು? ರಿಕೆ ಮೋಂತಾಞ್ ನ್ವಾರ್ ಬೆಟ್ಟದ ಹಳ್ಳಗಳನ್ನು ತಿರುಗಿಸಿ, ಸಾಂ-ಫೆರಿಯೋಲ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿಸಿ, ಅಲ್ಲಿಂದ ತೋಡು ತೆಗೆದು, ಸಮುದ್ರ ಮಟ್ಟದಿಂದ 189 ಮೀಟರ್ ಎತ್ತರದ ನೊರೂಜ್ ಎಂಬಲ್ಲಿಗೆ ನೀರು ಹರಿಸಿದ. ಅಲ್ಲಿ ನೀರು ಎರಡಾಗುತ್ತದೆ. ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ಇಂದಿಗೂ ನಿಮ್ಮ ಬೋಟ್ ತೇಲುವುದು ಆ ಏರ್ಪಾಡಿನ ಮೇಲೆಯೇ.

ಫ್ರಾನ್ಸಿನ ರಾಜ 14ನೇ ಲೂಯಿ ಒಪ್ಪಿಗೆ ಕೊಟ್ಟದ್ದು 1666ರಲ್ಲಿ. ಒಂದು ಹಂತದಲ್ಲಿ 12,000ದಷ್ಟು ಜನ ಕೆಲಸ ಮಾಡಿದರು, ಅವರಲ್ಲಿ ಹೆಂಗಸರೂ ಬಹಳ. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಹಬ್ಬದ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದ. ಆ ಕಾಲಕ್ಕೆ ಇದು ಕೇಳರಿಯದ ಮಾತು. ಸ್ವಂತ ಆಸ್ತಿಯನ್ನೂ ಇದಕ್ಕೇ ಸುರಿದ. 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ಇದನ್ನೆಲ್ಲ ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಲಾಕ್ ಹತ್ತಿರ ನಿಮ್ಮನ್ನು ಕಾಯಿಸುತ್ತಾರೆ, ಇನ್ನೊಂದು ಬೋಟ್ ಬಂದ ಮೇಲೆ ಒಟ್ಟಿಗೆ ಬಿಡುತ್ತಾರೆ. ಬೇಸರ ಪಡಬೇಡಿ. ನೆತ್ತಿಗೆ ನೀರು ಸುಲಭವಾಗಿ ಬರುವುದಿಲ್ಲ, ಅದನ್ನು ಉಳಿಸಲೆಂದೇ ಹೀಗೆ ಮಾಡುವುದು.

ಈಗ ಲಾಕ್ ದಾಟುವ ಕ್ರಮ. ಲಾಕ್ ಅಂದರೆ ಎರಡು ತುದಿಯಲ್ಲೂ ಬಾಗಿಲಿರುವ ಕಲ್ಲಿನ ತೊಟ್ಟಿ. ಬಾಗಿಲುಗಳಲ್ಲಿ ತೂಬು ಇರುತ್ತವೆ. ನೀವು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೂಬು ಎತ್ತುತ್ತಾರೆ. ನೀರು ಸಮ ಆದಮೇಲೆ ಬಾಗಿಲು ತಾನಾಗಿ ಬಿಡುತ್ತದೆ. ಮಿದಿ ಕಾಲುವೆಯ ಹಳೆ ಲಾಕ್‌ಗಳು ಮೊಟ್ಟೆಯಾಕಾರದವು. ನೇರ ಗೋಡೆ ಮಣ್ಣಿನ ಒತ್ತಡ ತಡೆಯದೆ ಕುಸಿದ ಮೇಲೆ ರಿಕೆ ಗೋಡೆಯನ್ನು ಹೊರಕ್ಕೆ ಬಾಗಿಸಿ ಕಟ್ಟಿಸಿದ. ನೋಡಲು ಚೆಂದ, ಆದರೆ ಬೋಟ್ ಗೋಡೆಗೆ ಸರಿಯಾಗಿ ಒರಗುವುದಿಲ್ಲ. ಹಗ್ಗದ ಮೇಲೇ ಎಲ್ಲ.

ಮೇಲೆ ಹತ್ತುವಾಗ ಹೀಗೆ ಮಾಡಿ. ಲಾಕ್‌ಗೆ ಸ್ವಲ್ಪ ಮುಂಚೆ ಇಳಿಯಲು ಕಟ್ಟೆ ಇರುತ್ತದೆ. ನಿಮ್ಮಲ್ಲೊಬ್ಬರು ಅಲ್ಲೇ ಇಳಿದು ನಡೆದು ಲಾಕ್ ಮೇಲೆ ನಿಲ್ಲಿ. ಇನ್ನೊಬ್ಬರು ದೀಪ ಹಸಿರಾದ ಮೇಲೆ ಬೋಟನ್ನು ಮೆಲ್ಲಗೆ ಒಳಗೆ ತನ್ನಿ. ಮುಂದಿನ ಹಗ್ಗ ಎಸೆಯಿರಿ, ಆಮೇಲೆ ಹಿಂದಿನದು. ಮೇಲಿದ್ದವರು ಅದನ್ನು ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಬೋಟಿಗೇ ವಾಪಸ್ ಕೊಡಬೇಕು. ಗಂಟು ಹಾಕಲೇಬಾರದು. ತೂಬು ಎತ್ತಿದ ಕೂಡಲೇ ಮುಂದಿನಿಂದ ನೀರು ಬುಸುಗುಟ್ಟುತ್ತಾ ನುಗ್ಗುತ್ತದೆ, ಬೋಟಿನ ಮೂತಿ ಅತ್ತಿತ್ತ ಎಳೆಯುತ್ತದೆ. ಮುಂದಿನ ಹಗ್ಗವನ್ನು ಬಿಗಿಯಾಗಿ ಇಟ್ಟುಕೊಳ್ಳಿ. ನೀರು ಏರಿದಂತೆ ಸಡಿಲಾದ ಹಗ್ಗ ಎಳೆದುಕೊಳ್ಳುತ್ತಾ ಹೋಗಿ. ಐದಾರು ನಿಮಿಷದಲ್ಲಿ ಹಸಿ ಪಾಚಿಯ ಗೋಡೆ ಮುಳುಗಿ, ನಿಮ್ಮ ಕಣ್ಣು ನೆಲದ ಮಟ್ಟಕ್ಕೆ ಬರುತ್ತದೆ. ಮೊದಲು ಲಾಕ್ ಕಾಯುವವರ ಚಪ್ಪಲಿ ಕಾಣುತ್ತದೆ, ಆಮೇಲೆ ಅವರ ಮನೆಯ ಹೂಕುಂಡ.

ಇಳಿಯುವುದು ಸುಲಭ, ಆದರೆ ಎರಡು ಅಪಾಯ ಇವೆ. ಹಗ್ಗ ಗಂಟು ಹಾಕಿದ್ದರೆ ನೀರು ಇಳಿದಾಗ ಬೋಟ್ ನೇತಾಡುತ್ತದೆ. ಹಗ್ಗವನ್ನು ಬಿಡುತ್ತಾ ಬರಬೇಕು. ಎರಡನೆಯದು, ಹಿಂದಿನ ಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲು ಇರುತ್ತದೆ. ಬೋಟಿನ ಹಿಂಭಾಗ ಅದರ ಮೇಲೆ ಕೂತರೆ ಅನಾಹುತ. ಆದಷ್ಟು ಮುಂದೆ ಸರಿದು ನಿಲ್ಲಿ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಬೋಟ್ ಗೋಡೆಗೆ ಬಡಿಯಲು ಹೊರಟರೆ ಕೈಕಾಲು ಅಡ್ಡ ಕೊಡಬೇಡಿ. ಹಲವು ಟನ್ ಭಾರ ಅದು. ಬಡಿಯಲಿ ಬಿಡಿ, ಸುತ್ತ ರಬ್ಬರ್ ತಡೆ ಇರುತ್ತದೆ. ಬೋಟಿಗೆ ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸ್ ಹಾಕಬೇಕು. ಚುಕ್ಕಾಣಿ ತಿರುಗಿಸಿದ ಮೇಲೆ ಬೋಟ್ ತಿರುಗಲು ಒಂದೆರಡು ಕ್ಷಣ ಬೇಕು, ಅಷ್ಟರೊಳಗೆ ಇನ್ನೂ ಜಾಸ್ತಿ ತಿರುಗಿಸಿದರೆ ದಡಕ್ಕೆ ಹೋಗುತ್ತೀರಿ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಗೇರು ನ್ಯೂಟ್ರಲ್‌ಗೆ, ಆಮೇಲೆ ಉಳಿದದ್ದು. ಲಾಕ್‌ನಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕಾಲುವೆಯಲ್ಲಿ ಈಜುವ ಆಸೆ ಬೇಡ, ಅದು ನಿಷಿದ್ಧ, ನೀರೂ ಶುದ್ಧವಲ್ಲ.

ವೇಗದ ಮಿತಿ ಮಿದಿಯಲ್ಲಿ ಗಂಟೆಗೆ 8 ಕಿಲೋಮೀಟರ್. ಅದಕ್ಕಿಂತ ಕಡಿಮೆಯಲ್ಲೇ ಹೋಗಿ. ಅಲೆ ಎದ್ದರೆ ಮಣ್ಣಿನ ದಂಡೆ ಕೊರೆಯುತ್ತದೆ. ರಾತ್ರಿ ನಿಷೇಧ ಇಲ್ಲದ ಕಡೆ ಎಲ್ಲಿ ಬೇಕಾದರೂ ನಿಲ್ಲಬಹುದು ಎನ್ನುವುದು ಈ ಪ್ರವಾಸದ ದೊಡ್ಡ ಸುಖ. ಬೋಟಿನಲ್ಲೇ ಕಬ್ಬಿಣದ ಗೂಟ, ಸುತ್ತಿಗೆ ಕೊಟ್ಟಿರುತ್ತಾರೆ. ದಂಡೆಯಲ್ಲಿ ಹೊಡೆದು ಕಟ್ಟಿಕೊಳ್ಳಿ. ಹಗ್ಗ ಸೈಕಲ್ ದಾರಿಗೆ ಅಡ್ಡ ಬರದಿರಲಿ.

ಮರಕ್ಕೆ ಮಾತ್ರ ಕಟ್ಟಬೇಡಿ. ಫೋಟೋಗಳಲ್ಲಿ ನೀವು ನೋಡಿರುವ, ನೀರಿನ ಮೇಲೆ ಚಪ್ಪರದಂತೆ ಬಾಗಿದ ಪ್ಲೇನ್ ಮರಗಳು ಕಾಶ್ಮೀರದ ಚಿನಾರ್ ಬಳಗದವು. ಹೆಚ್ಚಿನವು 19ನೇ ಶತಮಾನದಲ್ಲಿ ನೆಟ್ಟವು. ನೆರಳು ಕೊಡುತ್ತವೆ, ಬೇರಿನಿಂದ ದಂಡೆ ಹಿಡಿಯುತ್ತವೆ. ಒಟ್ಟು ಸುಮಾರು 42,000 ಇದ್ದವು. 2006ರಲ್ಲಿ ಕಾರ್ಕಸೋನ್ ಹತ್ತಿರ ಇವಕ್ಕೆ ಶಿಲೀಂಧ್ರ ರೋಗ ತಗಲಿದ್ದು ಗೊತ್ತಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಈ ರೋಗ ಫ್ರಾನ್ಸಿಗೆ ಬಂತು ಎನ್ನುತ್ತಾರೆ. ಮದ್ದಿಲ್ಲ. ತಗಲಿದ ಮರ, ಸುತ್ತಲಿನ ಮರ, ಎಲ್ಲ ಕಡಿದು ಸುಡಬೇಕು. ನೀರಿನಲ್ಲಿ, ಬೇರಿನಿಂದ ಬೇರಿಗೆ, ಬೋಟಿನ ಹಗ್ಗ ಉಜ್ಜಿದ ಗಾಯದಿಂದಲೂ ಹರಡುತ್ತದೆ. ಹತ್ತಾರು ಸಾವಿರ ಮರ ಹೋಗಿವೆ. ಬೇರೆ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಹೀಗಾಗಿ ಕೆಲವು ಕಡೆ ದಂಡೆ ಬೋಳು, ಬಿಸಿಲು ನೇರ ನೆತ್ತಿಗೆ. ಮೊದಲೇ ತಿಳಿದಿರಲಿ, ಅಲ್ಲಿಗೆ ಹೋಗಿ ಮನಸ್ಸು ಕೆಡಿಸಿಕೊಳ್ಳುವುದು ಬೇಡ.

ಊಟದ ವಿಷಯಕ್ಕೆ ಹೆದರಬೇಡಿ, ಬೋಟಿನಲ್ಲಿ ಗ್ಯಾಸ್ ಒಲೆ, ಫ್ರಿಜ್, ಪಾತ್ರೆ ಎಲ್ಲ ಇರುತ್ತವೆ. ಎರಡು ಲೀಟರಿನ ಕುಕ್ಕರ್ ಒಯ್ಯಿರಿ. ಮಿಕ್ಸಿ, ಇಂಡಕ್ಷನ್ ಬೇಡ, ಬಂದರು ಬಿಟ್ಟ ಮೇಲೆ ಅಷ್ಟು ಕರೆಂಟ್ ಬೋಟಿನಲ್ಲಿ ಸಿಗುವುದಿಲ್ಲ. ಹುಳಿ ಪುಡಿ, ಸಾರಿನ ಪುಡಿ, ಚಟ್ನಿ ಪುಡಿ, ತೊಗರಿಬೇಳೆ ಮೈಸೂರಿನಿಂದಲೇ ಹೋಗಲಿ. ತುಪ್ಪ, ಪೇಡ, ಹಾಲಿನ ತಿಂಡಿ ಬೇಡ. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವೂ ಬೇಡ. ಬೆಣ್ಣೆ ಅಲ್ಲಿ ಬಹಳ ಚೆನ್ನಾಗಿದೆ, ಬೋಟಿನಲ್ಲೇ ಕಾಯಿಸಿ ತುಪ್ಪ ಮಾಡಿಕೊಳ್ಳಿ. ಸಂತೆ ಬೆಳಗ್ಗೆ ಮಾತ್ರ. ಟೊಮೆಟೊ, ಬದನೆ, ಬೀನ್ಸ್, ಪೀಚ್ ಹಣ್ಣು, ಎಲ್ಲ ತಾಜಾ. ಭಾನುವಾರ ಮಧ್ಯಾಹ್ನದಿಂದ ಹಳ್ಳಿಗಳಲ್ಲಿ ಅಂಗಡಿ ಬಂದ್, ಸೋಮವಾರವೂ ಬಹಳ ಕಡೆ ತೆರೆಯುವುದಿಲ್ಲ. ಶನಿವಾರವೇ ಸಾಮಾನು ತುಂಬಿಸಿಡಿ.

ಹೊರಗೆ ತಿನ್ನುವಾಗ ಎಚ್ಚರ. ತರಕಾರಿ ಸೂಪ್ ಅಂದರೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು. ಆ ಕಡೆ ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವುದುಂಟು. ಕಾಸ್ಸುಲೆ ಎಂಬ ಪ್ರಸಿದ್ಧ ಹುರುಳಿಕಾಯಿ ಬೀಜದ ಅಡುಗೆಯಲ್ಲಿ ಮಾಂಸ ಇರುತ್ತದೆ. ಹಳೆ ಪದ್ಧತಿಯ ಚೀಸ್‌ಗಳಲ್ಲಿ ಬಹಳಷ್ಟಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ನಿಮ್ಮ ನಿಯಮ ಎಷ್ಟು ಕಟ್ಟುನಿಟ್ಟೋ ನೋಡಿಕೊಂಡು ಕೇಳಿ ತಿನ್ನಿ. ಬೆಳಗಿನ ಬ್ರೆಡ್ ಮಾತ್ರ ತಪ್ಪಿಸಬೇಡಿ. ಬೋಟಿನ ಜೊತೆ ಎರಡು ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಬೇಕರಿಗೆ ಹೋಗಿ ಬರುವುದೇ ಒಂದು ಸಂತೋಷ. ದಂಡೆಯ ದಾರಿ ಸಪಾಟು.

ಇಡೀ ಬೇಸಿಗೆ ಬೋಟಿನಲ್ಲಿ ಇರುವುದು ಬೇಡ ಅನ್ನುತ್ತೇನೆ. ಬಾಡಿಗೆ ವಾರದ ಲೆಕ್ಕ, ಜುಲೈ–ಆಗಸ್ಟ್‌ನಲ್ಲಿ ದರ ಬಹಳ ಏರುತ್ತದೆ. ಅದರ ಮೇಲೆ ಎಂಜಿನ್ ಓಡಿದ ಗಂಟೆಗೆ ಇಷ್ಟು ಅಂತ ಡೀಸೆಲ್, ಠೇವಣಿ, ಬೇರೆ ಊರಿನಲ್ಲಿ ಬಿಟ್ಟರೆ ಅದಕ್ಕೂ ಹಣ. ಆ ಎರಡು ತಿಂಗಳು ದಕ್ಷಿಣದಲ್ಲಿ ಬಿಸಿಲು 35 ಡಿಗ್ರಿ ದಾಟುವುದುಂಟು, ಬೋಟಿನ ಕೋಣೆ ಕಾದು ರಾತ್ರಿ ನಿದ್ದೆ ಬಾರದು. ಬೆಟ್ಟ ಹತ್ತಿ ಇಳಿಯುವ ಮಧ್ಯ ಫ್ರಾನ್ಸಿನ ಕಾಲುವೆಗಳಲ್ಲಿ ಬರದ ವರ್ಷ ನೀರು ಕಡಿಮೆಯಾಗಿ ಸಂಚಾರವನ್ನೇ ನಿಲ್ಲಿಸುತ್ತಾರೆ.

ವೀಸಾ ಲೆಕ್ಕವೂ ಇದೆ. ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ. ಮಗಳ ಮನೆಯ ದಿನಗಳೂ ಅದರಲ್ಲೇ ಸೇರುತ್ತವೆ. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಹಾಗಾಗಿ ನಿಮ್ಮದು ನೆದರ್‌ಲ್ಯಾಂಡ್ಸ್ ವೀಸಾ ಆಗಬಹುದು. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೋಟ್ ಬುಕಿಂಗ್ ಕಾಗದವನ್ನು ಅರ್ಜಿಯ ಜೊತೆ ಇಡಿ.

ನಾನಾದರೆ ಹೀಗೆ ಜೋಡಿಸುತ್ತೇನೆ. ಜೂನ್ ಮಧ್ಯದಲ್ಲಿ ಹೊರಡಿ. ಜೂನ್ ಕೊನೆಯಲ್ಲಿ ಒಂದು ವಾರ ಮಿದಿಯ ಆ ಲಾಕ್ ಇಲ್ಲದ ಭಾಗ, ಇಬ್ಬರೇ. ಬಿಸಿಲಿನ ದಿನಗಳನ್ನು ಮಗಳ ಮನೆಯಲ್ಲಿ ಕಳೆಯಿರಿ. ಸೆಪ್ಟೆಂಬರ್ ಮೊದಲ ವಾರ ಮಗಳು, ಅಳಿಯ ಜೊತೆಗೆ ಬಂದರೆ ನಾಲ್ಕು ಜನ ಸೇರಿ ಲಾಕ್ ಇರುವ ಕಾಲುವೆಗೆ ಹೋಗಿ. ಅದಕ್ಕೆ ನಿವೆರ್ನೆ ಕಾಲುವೆ ಚೆನ್ನ, ಓಸೇರ್ ಊರಿನಿಂದ ಕ್ಲಾಮ್ಸಿ ಕಡೆಗೆ. ಯೋನ್ ನದಿಯ ಪಕ್ಕದಲ್ಲೇ ದಾರಿ. ಪ್ಯಾರಿಸ್ಸಿನ ಒಲೆಗಳಿಗೆ ಬೇಕಾದ ಸೌದೆಯನ್ನು ತೆಪ್ಪ ಕಟ್ಟಿ ತೇಲಿಸಿ ಕಳಿಸುತ್ತಿದ್ದ ಊರು ಕ್ಲಾಮ್ಸಿ. ಅಲ್ಲಿನ ಲಾಕ್‌ಗಳು ಬಹುಪಾಲು ಇನ್ನೂ ಕೈಯಿಂದ ತಿರುಗಿಸುವಂಥವು. ಒಂದು ಕಡೆಯ ಬಾಗಿಲು ತಳ್ಳಲು ನೀವೂ ಕೈ ಹಾಕಿ, ಲಾಕ್ ಕಾಯುವವರಿಗೆ ಬೊಂಜೂರ್ ಹೇಳಿ ಮಾತು ಶುರು ಮಾಡಿ. ಕೆಲವರು ತಮ್ಮ ತೋಟದ ಜೇನು, ತರಕಾರಿ ಮಾರುತ್ತಾರೆ.

ಮಿದಿಯಲ್ಲಿ ತ್ರಾಮೊಂತಾನ್ ಎಂಬ ವಾಯವ್ಯ ಗಾಳಿ ಜೋರಾಗಿ ಬೀಸುವ ದಿನ ಬೋಟ್ ಕದಲಿಸಬೇಡಿ, ಅಗಲ ಬೋಟನ್ನು ಗಾಳಿ ಎಳೆದುಕೊಂಡು ಹೋಗುತ್ತದೆ. ಅದಕ್ಕಾಗಿ ವಾರದಲ್ಲಿ ಒಂದು ದಿನ ಖಾಲಿ ಬಿಟ್ಟೇ ಯೋಜನೆ ಹಾಕಿ. ಬೋಟ್ ಆರಿಸುವಾಗ ಇಬ್ಬರಿಗೆ ಅಂತ ತೀರ ಚಿಕ್ಕದೂ ಬೇಡ, ತೀರ ದೊಡ್ಡದೂ ಬೇಡ. ಒಳಗೂ ಹೊರಗೂ ಎರಡು ಕಡೆ ಚುಕ್ಕಾಣಿ ಇದೆಯಾ, ಮುಂಭಾಗದಲ್ಲಿ ಬೋ ತ್ರಸ್ಟರ್ ಇದೆಯಾ ಅಂತ ಕೇಳಿ. ಮುಂಭಾಗವನ್ನು ಪಕ್ಕಕ್ಕೆ ತಳ್ಳುವ ಆ ಚಿಕ್ಕ ಮೋಟರಿನಿಂದ ಲಾಕ್‌ನಲ್ಲಿ ಅರ್ಧ ಕಷ್ಟ ಕಡಿಮೆ. ಅಂಥ ಬೋಟುಗಳು ಬೇಗ ಮುಗಿದುಹೋಗುತ್ತವೆ. ಜೂನ್‌ಗೆ ಬೇಕಿದ್ದರೆ ಜನವರಿಯಲ್ಲೇ ಕಾದಿರಿಸಿ, ರದ್ದು ಮಾಡಿದರೆ ಹಣ ವಾಪಸ್ ಬರುವ ಷರತ್ತು ಇದೆಯಾ ಅಂತ ಓದಿಕೊಂಡೇ ಮುಂಗಡ ಕಟ್ಟಿ, ವೀಸಾ ಕೈಗೆ ಬರುವುದು ಅದಾದ ಮೇಲೆಯೇ.